ಹನ್ನೊಂದನೆಯ ಸಾಫ್ಟ್‌ವೇರ್

ಭಾನುವಾರ ಮಧ್ಯಾಹ್ನದ ಊಟದೊಳಗೆ ಯಂತ್ರ ಮರದ ಒಂದು ತುಂಡನ್ನಾದರೂ ಕೆತ್ತಿ ತೋರಿಸಬೇಕು, ಇಲ್ಲವೇ ಊಟದ ಮೇಜು ಬಿಟ್ಟು ಇಳಿಯಬೇಕು. ಶಾಲೆಯ ಡ್ರಿಲ್ ಟೀಚರ್ ಆದ ಹೆಂಡತಿ ಹೀಗೆ ಗಡುವು ಕೊಟ್ಟಾಗ ಕನ್ನಡಕದಂಗಡಿಯ ಯಜಮಾನ ಲ್ಯಾಪ್‌ಟಾಪ್‌ನಿಂದ ತಲೆಯೆತ್ತಲಿಲ್ಲ. ಅವನು ಹತ್ತನೆಯ ಸಾಫ್ಟ್‌ವೇರ್‌ಗೆ ಅಂಕ ಕೊಡುತ್ತಿದ್ದ.

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಆ ಪುಟ್ಟ ಯಂತ್ರ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅದೊಂದು ತಳವಿಲ್ಲದ ಕಬ್ಬಿಣದ ಚೌಕಟ್ಟು. ಬೇರೆಲ್ಲೂ ಜಾಗವಿಲ್ಲದೆ ಮೇಜಿನ ಮೇಲೆ ಬೀಡುಬಿಟ್ಟದ್ದು ಇದುವರೆಗೆ ಒಂದು ಚಿಟಿಕೆ ಹೊಟ್ಟೂ ಉದುರಿಸಿರಲಿಲ್ಲ. ಮನೆಯ ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಅವನ ಅಮ್ಮನಿಗೆ ಮಂಡಿನೋವು. ತಗ್ಗಾದ ಸೋಫಾದಲ್ಲಿ ಊಟಕ್ಕೆ ಕೂತರೆ ಅವರನ್ನು ಎಬ್ಬಿಸಲು ಇಬ್ಬರು ಬೇಕು.

“ಒಂದು ಸಾಫ್ಟ್‌ವೇರ್ ಆರಿಸೋಕೆ ಇಷ್ಟು ದಿನ ಬೇಕೇನ್ರೀ?”

“ಅದು ಎರಡು ಕೆಲಸ ಕಣೇ. ಮೊದಲು ಚಿತ್ರ ಬರೀಬೇಕು. ಆಮೇಲೆ ಉಳಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗ್ಬೇಕು, ಎಷ್ಟು ಆಳಕ್ಕೆ ಇಳೀಬೇಕು ಅಂತ ದಾರಿ ಹಾಕಿಕೊಡ್ಬೇಕು. ಚಿತ್ರ ಬರೆಯೋದಕ್ಕೆ ದಾರಿ ಗೊತ್ತಿಲ್ಲ, ದಾರಿ ಗೊತ್ತಿರೋದಕ್ಕೆ ಚಿತ್ರ ಬರಲ್ಲ.”

“ಎರಡೂ ಬರೋದು ಒಂದೂ ಸಿಗ್ಲಿಲ್ವಾ?”

“ಸಿಕ್ತು. ಅದಕ್ಕೆ ಕನ್ನಡ ಬರಲ್ಲ.”

ಸುಳ್ಳೇನಲ್ಲ. ಅದು ಒತ್ತಕ್ಷರಗಳನ್ನೆಲ್ಲ ಕಿತ್ತು ಪಕ್ಕಕ್ಕೆ ಕೂರಿಸುತ್ತಿತ್ತು. ಇನ್ನೊಂದು ಸಾಫ್ಟ್‌ವೇರ್ ಇಂಚು ಬಿಟ್ಟು ಬೇರೆ ಅಳತೆಗೆ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಮತ್ತೊಂದಂತೂ ಇಂಟರ್ನೆಟ್ ಹೋದ ಕೂಡಲೇ ಮುನಿಸಿಕೊಂಡು ಮುಚ್ಚಿಕೊಳ್ಳುತ್ತಿತ್ತು. ಗಿರಾಕಿಗಳ ಕಣ್ಣಿನ ನಂಬರಿನಲ್ಲಿ ಕೂದಲೆಳೆಯಷ್ಟೂ ಆಚೀಚೆ ಬಿಡದ ಮನುಷ್ಯ ಅವನು. ಯಾವ ಸಾಫ್ಟ್‌ವೇರ್‌ಗೂ ಅನ್ಯಾಯವಾಗಬಾರದೆಂದು ಎಲ್ಲಕ್ಕೂ ಒಂದೇ ಪರೀಕ್ಷೆ ಇಟ್ಟಿದ್ದ: ಹದಿನೆಂಟು ಮಿಲಿಮೀಟರ್ ದಪ್ಪದ ಒಂದೇ ಕಾಲ್ಪನಿಕ ಹಲಗೆಯನ್ನು ಎಲ್ಲವೂ ಪರದೆಯ ಮೇಲೆ ತಳದವರೆಗೂ ಕೆತ್ತಿ ತೋರಿಸಬೇಕು. ನಿಜವಾದ ಮರ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಒಳಗೊಳಗೆ ಅವನಿಗೆ ಹೆದರಿಕೆಯೂ ಇತ್ತು. ಪರದೆಯ ಹಲಗೆ ಎಂದೂ ಕೆಡುವುದಿಲ್ಲ.

ಭಾನುವಾರ ಬೆಳಗ್ಗೆ ಹನ್ನೊಂದನೆಯದು ಪಾಸಾಯಿತು. ಕನ್ನಡ ಅಂದವಾಗಿ ಬಂತು, ದಾರಿಯೂ ಸರಾಗವಾಗಿ ಬಂತು. ಹೆಂಡತಿ ಧೂಳು ಒರೆಸುವಾಗಲೆಲ್ಲ ಯಂತ್ರವನ್ನು ಆಚೀಚೆ ಸರಿಸುತ್ತಾಳೆಂಬ ಸಂಕಟ ಅವನಿಗೆ ಬಹುದಿನದ್ದು. ಹಾಗಾಗಿ ‘ಮುಟ್ಟಬೇಡಿ’ ಎಂಬ ಫಲಕವೇ ಮೊದಲು ಆಗಲಿ ಎಂದುಕೊಂಡ. ಬಿಳಿ ಮರದ ಹಲಗೆಯೊಂದನ್ನು ಚೌಕಟ್ಟಿನೊಳಗೆ, ಮೇಜಿಗೇ ಬಿಗಿದು ಗುಂಡಿ ಒತ್ತಿದ.

ಯಂತ್ರ ಕೊಯ್ಯೆಂದಿತು. ಉಳಿ ಗಿರ್ರನೆ ತಿರುಗುತ್ತ ಇಳಿಯಿತು. ಬೆಳ್ಳಗಿನ ಹೊಟ್ಟು ಹಾರಿ ಅವನ ಮೂಗಿನ ಮೇಲೆ ಕೂತಾಗ ಅವನು ಸಂತೋಷದಿಂದ ಇಬ್ಬರನ್ನೂ ಕೂಗಿ ಕರೆದ. ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. ಅಮ್ಮ ಗೋಡೆ ಹಿಡಿದುಕೊಂಡು ಬಂದರು. ‘ಮು’ ಮೂಡಿತು. ಉಳಿ ಅದೇ ದಾರಿಯಲ್ಲಿ ಮತ್ತೊಂದು ಸುತ್ತು ಆಳಕ್ಕೆ ಹೋಯಿತು, ಆಮೇಲೆ ಇನ್ನೊಂದು ಸುತ್ತು. ಅಕ್ಷರದಿಂದ ಅಕ್ಷರಕ್ಕೆ ಹೀಗೇ ನಡೆಯಿತು.

“ರೀ, ಹೊಟ್ಟಿನ ಬಣ್ಣ ಯಾಕೆ ಕಂದಾಯ್ತು?”

“ಮರದ ತಿರುಳು ಹಾಗೇ ಕಣೇ,” ಎಂದ, ಬಲ್ಲವನ ಹಾಗೆ.

ಯಂತ್ರ ನಿಂತಿತು. ಹಲಗೆ ಎತ್ತಿದರೆ ಅಕ್ಷರಗಳ ತುಂಬ ಬೆಳಕು ಕಂಡಿತು. ಕೆಳಗೆ ಕಂದುಬಣ್ಣದ ಮೇಜಿನಲ್ಲಿ ಬೆರಳುಗುರು ಮುಳುಗುವಷ್ಟು ಆಳವಾಗಿ, ಒತ್ತಕ್ಷರ ಸಮೇತ, ಮುದ್ದಾದ ‘ಮುಟ್ಟಬೇಡಿ’ ಕೂತಿತ್ತು. ಅವನು ಹಲಗೆಯ ದಪ್ಪ ಅಳೆದ. ಹನ್ನೆರಡು ಮಿಲಿಮೀಟರ್. ಉಳಿಗೆ ಹಾಕಿಕೊಟ್ಟ ದಾರಿ ಮಾತ್ರ ಪರೀಕ್ಷೆಯ ಹದಿನೆಂಟರ ಆಳದ್ದೇ ಆಗಿತ್ತು.

ಅವನು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿ ಅಳುದನಿಯಲ್ಲಿ ಹೇಳಿದ: “ಹನ್ನೊಂದು ಸಾಫ್ಟ್‌ವೇರ್ ನೋಡ್ದೆ. ಕೆಳಗೊಂದು ಮೇಜಿದೆಯಲ್ಲಪ್ಪಾ ಅಂತ ಒಂದಾದ್ರೂ ಕೇಳ್ಬಾರ್ದಾ?”

“ನಾವಿಬ್ರು ಕೇಳ್ತಾನೇ ಇದ್ವಲ್ಲೋ,” ಎಂದರು ಅಮ್ಮ.

ಹೆಂಡತಿ ಸೌಟು ಕೆಳಗಿಟ್ಟು ಯಂತ್ರದ ಒಂದು ಬದಿ ಹಿಡಿದಳು. ಇನ್ನೊಂದು ಬದಿಯನ್ನು ಅವನು ಹಿಡಿದ. ಅಮ್ಮ ಕುರ್ಚಿ ಎಳೆದುಕೊಂಡು, ಹೊಟ್ಟನ್ನು ಸೆರಗಿನಿಂದ ಕೊಡವಿ, ‘ಮುಟ್ಟಬೇಡಿ’ಯ ಮೇಲೆಯೇ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತರು.