ಬಚ್ಚಿಟ್ಟ ಜಾಡಿ

ಊರಿಗೆ ಹೊಸದಾಗಿ ಬಂದ ಡಾಕ್ಟರು ಬೋರೇಗೌಡರ ತೋಳಿನ ಪಟ್ಟಿ ಬಿಚ್ಚಿ, ಹಳೇ ಚೀಟಿ ನೋಡಿದರು.

"ಹೋದ ವರ್ಷ ನೂರ ಅರವತ್ತಿದ್ದ ಬಿಪಿ ಈಗ ನೂರ ಇಪ್ಪತ್ತಾರು. ತೂಕವೂ ಒಂಬತ್ತು ಕೆಜಿ ಇಳಿದಿದೆ. ಏನು ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ ಸಾ. ಮನೆಯವ್ಳು ಉಪ್ಪಿನಕಾಯಿ ಜಾಡಿ ಬಚ್ಚಿ ಮಡಗವ್ಳೆ. ಅದಿಲ್ದೆ ನಂಗೆ ಎರಡ್ನೇ ಮುದ್ದೆ ಇಳಿಯಾಕಿಲ್ಲ."

"ಹುಡುಕಲಿಲ್ವಾ?"

"ಹುಡುಕ್ತಾನೆ ಇವ್ನಿ."

ಡಾಕ್ಟರು ನಕ್ಕರು. "ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ. ಬೇರೆ ಪೇಷಂಟ್‌ಗಳ ಮನೆಯವರಿಗೂ ಸ್ವಲ್ಪ ಹೇಳಿಕೊಡಲಿ."

ಗೌಡರು ತಲೆಯಾಡಿಸಿ ಎದ್ದರು.

ಮನೆಗೆ ಬಂದು ಎರಡು ಮುದ್ದೆ ಕಟ್ಟಿ, ಸಪ್ಪೆ ಸಾರು ಬಿಟ್ಟುಕೊಂಡು ಕೂತರು. ಮೊದಲ ತುತ್ತಿಗೇ ಅಡುಗೆಮನೆಯತ್ತ ತಿರುಗಿ ಕೇಳಿದರು.

"ಎಲ್ಲಿ ಮಡಗಿದ್ದೀಯಮ್ಮಿ ಅದ್ನ? ಒಂದೇ ಒಂದು ಹೋಳು ಸಾಕು ಕಣೆ."

ಎರಡನೇ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಎಂಟು ತಿಂಗಳ ಹಿಂದೆ, ಅವಳ ತಿಥಿಯ ಅಡುಗೆಗೆಂದು ಅಟ್ಟದ ಮೇಲಿನ ಹಂಡೆ ಇಳಿಸಿದಾಗ ಆ ಜಾಡಿ ಅದರೊಳಗೇ ಇತ್ತು. ಹಂಡೆಯನ್ನು ತೊಳೆದು ಮತ್ತೆ ಅಟ್ಟಕ್ಕೇರಿಸುವಾಗ ಗೌಡರು ಜಾಡಿಯನ್ನು ಮೊದಲಿನಂತೆಯೇ ಒಳಗಿಟ್ಟಿದ್ದರು.