ಬಾಯಿಪಾಠ

"ಮತ್ತೆ ತಪ್ಪು!" ವಕೀಲ ಪ್ರೂಯಿಟ್ ಮೇಜು ಗುದ್ದಿದ. "'ಐ ಸೀನ್' ಅಲ್ಲಮ್ಮಾ, 'ಐ ಸಾ'. ಇನ್ನೊಂದ್ ಸಲ ಹೇಳಿ."

ಅರ್ಲೀನಾ ತುಟಿ ಒದ್ದೆ ಮಾಡಿಕೊಂಡಳು. ಹುಟ್ಟಿದಾಗಿನಿಂದ ಕೆಂಟಕಿಯ ಈ ಬೆಟ್ಟಗಳಲ್ಲಿ ಆಡಿದ ಇಂಗ್ಲಿಷು, ವಕೀಲ ಬೈದ ಮಾತ್ರಕ್ಕೆ ನಾಲಿಗೆ ಬಿಟ್ಟು ಹೋಗುತ್ತದೆಯೇ? "ನಾ ನೋಡಿವ್ನಿ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. "ನಾನು ನೋಡಿದೆನು. ಅವನು ಬಂದನು. ಊಟ ಮಾಡಿದನು."

"ಹಾಂ, ಹಾಗೆ! ಬೆಟ್ಟದ ಮಾತಾಡಿದ್ರೆ ಕೋರ್ಟಲ್ಲಿ ನಿಮ್ಮನ್ನ ಯಾರು ಲೆಕ್ಕಕ್ಕಿಡ್ತಾರೆ? ಮಗ ಬೇಕೋ ಬೇಡ್ವೋ?"

ಬೇಡವೇ! ಗಣಿ ಕಂಪನಿಯ ಅಂಗಡಿಗೆ ಬೆಂಕಿ ಇಟ್ಟನೆಂದು ಮಗ ಡಿಲ್ಲರ್ಡ್ ಮೇಲೆ ಕೇಸು. ಆ ಸಂಜೆ ಅವನು ಮನೆಯಲ್ಲೇ ಇದ್ದ. ಅವಳೆದುರೇ ಕೂತು ಬೀನ್ಸ್ ಕಾಳಿನ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಅದ್ದಿ ತಿನ್ನುತ್ತಿದ್ದ. ಅದನ್ನು ಕಂಡವಳು ಅವಳೊಬ್ಬಳೇ. ಅವಳ ಮಾತನ್ನು ನಂಬಿದರೆ ಮಗ ಮನೆಗೆ, ನಂಬದಿದ್ದರೆ ಜೈಲಿಗೆ.

ಕೋರ್ಟಿನಲ್ಲಿ ಮೊದಲು ಸಾಕ್ಷಿ ಹೇಳಿದವನು ಕಂಪನಿಯ ಕಾವಲುಗಾರ ಕ್ರೀಡ್. "ನಾ ನೋಡಿವ್ನಿ ಕಣ್ರಪ್ಪಾ, ಡಿಲ್ಲರ್ಡು ಅಂಗ್ಡಿ ಹಿಂದ್ಲಿಂದ ಓಡ್‌ಬಂದ. ಸೀಮೆಎಣ್ಣೆ ವಾಸ್ನೆ ಗಮ್ಮಂತಿತ್ತು!"

ಹಸಿ ಸುಳ್ಳು. ತೀರ್ಪು ಹೇಳಬೇಕಾದ ಜ್ಯೂರಿಯಲ್ಲಿ ಕೂತಿದ್ದವರು ಬೆಟ್ಟದ ರೈತರು, ಗಣಿ ಕೂಲಿಗಳು. ಚರ್ಚಿಗೆ ಹಾಕುವ ಕೋಟು ತೊಟ್ಟು ಬಂದಿದ್ದ ಅವರು ಹೌದೆಂಬಂತೆ ತಲೆಯಾಡಿಸಿದರು.

"ಅವನದು ಒಂದು ಮಾತೂ ನೆಟ್ಟಗಿಲ್ಲ," ಎಂದು ಪ್ರೂಯಿಟ್ ಅವಳ ಕಿವಿಯ ಬಳಿ ನಕ್ಕ. "ನಿಮ್ಮದು ಕೇಳಲಿ, ತಾಳಿ."

ಅರ್ಲೀನಾ ಬೈಬಲ್ ಮುಟ್ಟಿ ಎಲ್ಲವನ್ನೂ ಹೇಳಿದಳು. ನೋಡಿದೆನು, ಬಂದನು, ಕುಳಿತನು. ಒಂದು ಕಡೆಯೂ ತೊಡರಲಿಲ್ಲ. ಯಾರೂ ನಗಲಿಲ್ಲ. ಜ್ಯೂರಿಯ ಮುಖ್ಯಸ್ಥ ಹೋಬಾರ್ಟ್ ಪಕ್ಕದ ಕಣಿವೆಯವನು, ಚಿಕ್ಕಂದಿನಲ್ಲಿ ಅವಳನ್ನು ಅತ್ತೆ ಎನ್ನುತ್ತ ಅವಳ ಕೈಯಲ್ಲೇ ಉಂಡು ಬೆಳೆದವನು. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಕರುಳು ಕರಗಿತು ಎಂದುಕೊಂಡು ಅವಳು ಉಸಿರು ಬಿಟ್ಟಳು.

ತೀರ್ಪು ಬಂತು. ಅಪರಾಧಿ. "ಅವ್ವಾ!" ಎಂದ ಡಿಲ್ಲರ್ಡ್‌ನ ಕೈಗೆ ಅವಳ ಕಣ್ಣೆದುರೇ ಕೋಳ ಬಿತ್ತು.

ಕೋರ್ಟಿನ ಮೆಟ್ಟಿಲ ಮೇಲೆ ಹೋಬಾರ್ಟನ ಕೋಟು ಹಿಡಿದೆಳೆದಳು. "ಬೈಬಲ್ ಮುಟ್ಟಿ ಹೇಳಿವ್ನಿ ಕಣೋ! ನನ್ ಮಗ ಮನೇಲೇ ಇದ್ದ, ಈ ಕಣ್ಣಾರೆ ನೋಡಿವ್ನಿ! ನಂಬ್ಲಿಲ್ವೇನೋ ನನ್ನ?"

ಹೋಬಾರ್ಟನ ಮುಖ ಬಿಳಿಚಿಕೊಂಡಿತು. ಟೋಪಿ ತೆಗೆದು ಕೈಯಲ್ಲಿ ಹಿಸುಕಿದ.

"ಅಯ್ಯೋ ಅತ್ತೆ... 'ಪಾಪ, ಅತ್ತೆಗೆ ಸುಳ್ಳೇಳಾಕೆ ಬರಾಕಿಲ್ಲ, ಅದ್ಕೇ ವಕೀಲ ಹೇಳ್ಕೊಟ್ಟಿದ್ನ ಬಾಯಿಪಾಠ ಮಾಡ್ಕೊಂಡ್ ಬಂದವ್ಳೆ' ಅಂತ ಒಳಗೆ ಎಲ್ಲಾರ್ಗೂ ಹೇಳ್ದೋನು ನಾನೇ."