ಅಮ್ಮನ ಎದುರು ಹ್ಯಾಂಗ್

"ಪರೀಕ್ಷೆ ಬರೆದ್ಯೇನೋ?" ಎಂದು ಅಮ್ಮ ಕೇಳಿದ್ದೇ ತಡ, ಗಗನ್ ಹ್ಯಾಂಗ್ ಆದ. ಚಹಾ ಲೋಟ ತುಟಿಯ ಹತ್ತಿರ, ಬಾಯಿ ಅರ್ಧ ತೆರೆದು, ರೆಪ್ಪೆ ಮಿಟುಕಿಸದೆ ಕಂಪ್ಯೂಟರಿನ ಕ್ಯಾಮೆರಾವನ್ನೇ ನೋಡುತ್ತಾ ಕುಳಿತ. ವಿಡಿಯೋ ಕಾಲಿನಲ್ಲಿ ಬೇಡದ ಪ್ರಶ್ನೆ ಬಂದಾಗಲೆಲ್ಲ ಅವನು ಆಡುವ ನಾಟಕವಿದು. ಪರೀಕ್ಷೆಗೆ ಅವನು ಹೋಗಿಯೇ ಇರಲಿಲ್ಲ. ಗೊತ್ತಾದರೆ ಅಮ್ಮ ದಿಲ್ಲಿ ಬಿಡಿಸಿ ಮೈಸೂರಿಗೆ ಎಳೆದುಕೊಂಡು ಹೋಗುತ್ತಾಳೆ.

"ಹಾಳಾದ ಕಂಪ್ಯೂಟರ್ ಮತ್ತೆ ನಿಂತೋಯ್ತಾ? ಆಫ್ ಮಾಡಿ ಆನ್ ಮಾಡೋ! ಇರ್ಲಿ, ನಾನು ಕಟ್ ಮಾಡಲ್ಲ. ರಿಪೇರಿಗೆ ಅಂತ ಆಗ್ಲೇ ನಮ್ಮಣ್ಣನ್ನ ಕಳ್ಸಿದ್ದೀನಿ."

ಗಗನ್‌ನ ಕೋಣೆಗೆ ಚಿಲಕ ಹಾಕಿರಲಿಲ್ಲ. ಹೀರೋ ಸಿಕ್ಕಿಬೀಳುವುದು ಕ್ಲೈಮ್ಯಾಕ್ಸಲ್ಲಿ ತಾನೇ, ಇಲ್ಲಿನ್ನೂ ಟೈಟಲ್ ಕಾರ್ಡೇ ಮುಗಿದಿಲ್ಲವಲ್ಲ! ಎದ್ದು ಚಿಲಕ ಹಾಕೋಣವೆಂದರೆ ಅಮ್ಮ ನೋಡುತ್ತಿದ್ದಾಳೆ. ಲೋಟ ಹಿಡಿದ ಕೈ ಜೋಮು ಹಿಡಿಯಿತು. ಅಷ್ಟರಲ್ಲಿ ದಿಲ್ಲಿಯ ಮುನಿರ್ಕಾದ ಆ ಇಕ್ಕಟ್ಟಿನ ಕೋಣೆಯ ಬಾಗಿಲು ತಳ್ಳಿಕೊಂಡು, ಅದೇ ಊರಿನ ಲೋಧಿ ಕಾಲೋನಿಯಿಂದ ಇಂದುಶೇಖರ ಮಾವ ಸ್ಕ್ರೂಡ್ರೈವರ್ ಸಮೇತ ಬಂದೇಬಿಟ್ಟರು. ಅವನ ಹೆಗಲ ಮೇಲಿಂದ ಸ್ಕ್ರೀನಿಗೆ ಇಣುಕಿದರು.

"ಅಚ್ಛಾ, ಎಲ್ಲೇ ಹ್ಯಾಂಗ್ ಆಗಿದೆ ವಿಮಲಾ? ನೀನು ಚೆನ್ನಾಗೇ ಕಾಣ್ತಿದ್ದೀಯಲ್ಲ!"

"ನೀನೂ ಕಾಣ್ತಿದ್ದೀಯ ಅಣ್ಣ. ಅಲ್ಲಾಡ್ತಾನೂ ಇದ್ದೀಯ."

ಒಂದೇ ಚಿತ್ರದಲ್ಲಿ ಅಣ್ಣ ಓಡಾಡುತ್ತಿದ್ದಾನೆ, ಮಗ ಮಾತ್ರ ಬೊಂಬೆ. ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. ಸ್ಕ್ರೀನಿಗೆ ಮುಖ ಹತ್ತಿರ ತಂದು ಮೆಲ್ಲಗೆ ಹೇಳಿದಳು: "ಬರೆದಿಲ್ಲ ಅಂತ ಗೊತ್ತಾಯ್ತು ಬಿಡೋ. ಲೋಟ ಕೆಳಗಿಡು, ಕೈ ನೋಯುತ್ತೆ."